ಅಡುಗೆಮನೆ ಕಿಟಕಿಯ ಕಾಗದ

ಹಳೆಯ ಪತ್ರಿಕೆಗಳ ವಿಷಯದಲ್ಲಿ ನಾನು ಸ್ವಲ್ಪ ನಿರ್ದಯಿ. ಓದಿದ ಮರುದಿನ ಅವು ನನ್ನ ಪಾಲಿಗೆ ಪತ್ರಿಕೆಗಳಲ್ಲ, ರದ್ದಿ. ಡಬ್ಬಿಗಳ ಅಡಿಗೆ ಹಾಸಲು, ಕನ್ನಡಿ ಒರೆಸಲು, ಕರಿದ ಹಪ್ಪಳದ ಎಣ್ಣೆ ಹೀರಿಸಲು ಅವು ಬೇಕಾಗುತ್ತವೆಯೇ ಹೊರತು ಮತ್ತೊಮ್ಮೆ ಓದಲು ಅಲ್ಲ. ನಿನ್ನೆ ಜಗತ್ತನ್ನೇ ನಡುಗಿಸಿದ ಮಂತ್ರಿಯ ಮುಖದ ಮೇಲೆ ಇಂದು ಬೆಂಡೆಕಾಯಿಯ ತೊಟ್ಟು ಕತ್ತರಿಸಿ ಹಾಕುವಾಗ ನನಗೆ ಒಳಗೊಳಗೇ ಒಂದು ಸಣ್ಣ ಸಂತೋಷವೂ ಆಗುವುದುಂಟು. ಇಂಥ ನನ್ನ ಮೇಜಿನ ಮೇಲೆ, ಮಹಾಂತೇಶ ನಗರದ ಈ ಮನೆಯಲ್ಲಿ, ಕಳೆದ ತಿಂಗಳು ಒಂದು ವಾರವಿಡೀ ಐವತ್ತು ವರ್ಷಕ್ಕೂ ಹಳೆಯದಾದ ಒಂದು ಪತ್ರಿಕೆಯ ಹಾಳೆ ಮಲಗಿತ್ತು ಎಂದರೆ, ಅದಕ್ಕೆ ಕಾರಣ ಹೇಳಲೇಬೇಕು.

ಖಾನಾಪುರದಲ್ಲಿರುವ ನಮ್ಮ ಮನೆಯಲ್ಲಿ ಈಗ ನನ್ನ ತಮ್ಮ ಶಿವಾನಂದನ ಸಂಸಾರವಿದೆ. ಅಡುಗೆಮನೆಯ ಗೋಡೆಗೆ ಟೈಲ್ಸ್ ಹಾಕಿಸಲು ಹೊರಟ ಅವನು ಒಂದು ಮುಂಜಾನೆ ಫೋನು ಮಾಡಿದ. "ಅಕ್ಕಾ, ಬಾಜೂಮನಿ ಕಡೀ ಕಿಡಕಿ ಕಿತ್ತೀವಿ. ಅದಕ್ಕ ಹಚ್ಚಿದ ಕಾಗದ ಐತೆಲ್ಲ, ಗೌಂಡಿ ಅದನ್ನ ಹರಿಯೋದ ಬಿಟ್ಟು ಓದಕೋತ ಕುಂತಾನ. ಯುದ್ಧ ಮುಗದೈತಂತ ಬರದೈತಿ, ಬಂದು ನೋಡು." ಎಂದೋ ಮುಗಿದ ಯುದ್ಧ ಮುಗಿಯಿತೆಂದು ತಿಳಿಯಲು ನಾನು ಬೆಳಗಾವಿಯಿಂದ ಬಸ್ಸು ಹತ್ತಬೇಕೇ ಎಂದು ನಕ್ಕೆ. ಆದರೂ ಹತ್ತಿದೆ.

ಆ ಕಿಟಕಿಯ ಬಗ್ಗೆ ಹೇಳದೆ ಮುಂದಿನದು ನಿಮಗೆ ತಿಳಿಯುವುದಿಲ್ಲ. ನಾವು ಚಿಕ್ಕವರಿದ್ದಾಗ ನಮ್ಮ ಮನೆಗೂ ಪಕ್ಕದ ಪಾರ್ವತಿಕಾಕುವಿನ ಮನೆಗೂ ನಡುವೆ ಒಂದೇ ಗೋಡೆಯಿತ್ತು, ಆ ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ. ಆ ಕಡೆ ಅವರ ಒಲೆ, ಈ ಕಡೆ ನಮ್ಮ ಒಲೆ. ಮರದ ಸರಳುಗಳ ನಡುವಿನಿಂದ ಕೆಂಡ ಹೋಗುತ್ತಿತ್ತು, ಹೆಪ್ಪು ಬರುತ್ತಿತ್ತು, ಕರಿಬೇವು, ಮುಟಿಗೆ ಉಪ್ಪು, ಅತ್ತೆಯಂದಿರ ಮೇಲಿನ ದೂರು, ಎಲ್ಲವೂ ದಾಟುತ್ತಿದ್ದವು. ನಾವು ಚಿಕ್ಕಮ್ಮನೆಂಬಂತೆ ಕರೆಯುತ್ತಿದ್ದ ಕಾಕು ಮರಾಠಿಯವಳು, ನಮ್ಮವ್ವ ಕನ್ನಡದವಳು. ಆದರೆ ಕಿಟಕಿಯ ಬಳಿ ಅವರಾಡುತ್ತಿದ್ದ ಭಾಷೆಗೆ ಯಾವ ಸರಕಾರವೂ ಹೆಸರಿಟ್ಟಿರಲಿಲ್ಲ. ಗಂಡನನ್ನು ಬೇಗ ಕಳೆದುಕೊಂಡ ಕಾಕು ಎರಡು ಎಮ್ಮೆ, ಒಂದು ತುಂಡು ಗದ್ದೆ ನೆಚ್ಚಿಕೊಂಡು ಇಬ್ಬರು ಮಕ್ಕಳನ್ನು ಬೆಳೆಸಿದ್ದಳು. ಮಗ ಮಾರುತಿ ಸೈನ್ಯ ಸೇರಿದ್ದ. ಮಗಳು ಶಾಂತಾ ನನ್ನ ವಾರಿಗೆಯವಳು. ಅವಳದು ಮರಾಠಿ ಶಾಲೆ, ನನ್ನದು ಕನ್ನಡ ಶಾಲೆ. ಸಂಜೆ ಆ ಕಿಟಕಿಯ ಕಟ್ಟೆಯ ಮೇಲೆ ಇದ್ದಿಲಿನಿಂದ ಬರೆದು ನಾನು ಅವಳಿಗೆ ಕನ್ನಡದ ಅಕ್ಷರ ಕಲಿಸಿದೆ, ಅವಳು ನನಗೆ ಮರಾಠಿಯದನ್ನು ಕಲಿಸಿದಳು. ನನ್ನ ಜೀವನದ ಮೊದಲ ವಿದ್ಯಾರ್ಥಿನಿಯೂ ಕೊನೆಯ ವಿದ್ಯಾರ್ಥಿನಿಯೂ ಅವಳೇ.

ಎಪ್ಪತ್ತೊಂದರ ಡಿಸೆಂಬರಿನಲ್ಲಿ ಯುದ್ಧ ಬಂತು. ನಮಗೆ ಮಕ್ಕಳಿಗೆ ಯುದ್ಧವೆಂದರೆ ಬ್ಲ್ಯಾಕ್‌ಔಟು. ಬೀದಿಯ ಕಡೆಯ ಕಿಟಕಿಗಳಿಗೆಲ್ಲ ಹಳೆಯ ಪತ್ರಿಕೆ ಅಂಟಿಸಿ ಅದರ ಮೇಲೆ ಕಪ್ಪು ಬಳಿದರು. ಹಣತೆಯಷ್ಟು ಬೆಳಕೂ ಹೊರಗೆ ಹೋಗಬಾರದೆಂಬ ಆಜ್ಞೆ. ಎರಡು ವಾರವೂ ತುಂಬುವ ಮೊದಲೇ ಯುದ್ಧ ಮುಗಿಯಿತು, ಕಾಗದಗಳನ್ನು ಕೆರೆದು ತೆಗೆದರು. ಆದರೆ ಒಂದು ಕಾಗದ ಮಾತ್ರ ಉಳಿಯಿತು. ಅದು ಪಾರ್ವತಿಕಾಕುವಿನ ಕಡೆಯ ಆ ಅಡುಗೆಮನೆ ಕಿಟಕಿಯದು.

ನಮ್ಮ ಮನೆಯಲ್ಲಿ ಅದಕ್ಕೆ 'ಬ್ಲ್ಯಾಕ್‌ಔಟ್ ಕಾಗದ' ಎಂದೇ ಹೆಸರು. ಮಾರುತಿ ಯುದ್ಧದಿಂದ ಮರಳಲಿಲ್ಲ. ಆ ದುಃಖದಲ್ಲಿ ಕಾಕು ನಮ್ಮೊಂದಿಗೆ ಮಾತು ಬಿಟ್ಟಳು, ಅವರೇ ಮಾತು ಬಿಟ್ಟ ಮೇಲೆ ನಾವೇಕೆ ಕಾಗದ ತೆಗೆಯಬೇಕು, ಹೀಗೆ ಅದು ಉಳಿದುಹೋಯಿತು ಎಂಬುದು ನನಗೆ ತಿಳಿದಿದ್ದ ಕಥೆ. ಅವ್ವ ಅದರ ಮೇಲೊಂದು ಕ್ಯಾಲೆಂಡರ್ ತೂಗುಹಾಕಿದಳು. ಕೆಲವು ವರ್ಷಗಳಲ್ಲಿ ಊರಿನಲ್ಲಿ ಭಾಷೆಯ ಗಲಾಟೆಗಳಾದವು. ಅಷ್ಟರಲ್ಲಿ ಕಾರಣ ಮರೆತಿದ್ದ ನಮ್ಮ ಮುನಿಸಿಗೆ ರೆಡಿಮೇಡ್ ಅಂಗಿಯಂತೆ ಒಂದು ಕಾರಣವೂ ಸಿಕ್ಕಿತು: ಅವರು ಮರಾಠಿಯವರು, ನಾವು ಕನ್ನಡದವರು. ಅಂಗಿ ಅಳತೆಗೆ ಸರಿಯಾಗಿರಲಿಲ್ಲ. ಆದರೂ ಎರಡೂ ಮನೆಯವರು ಅದನ್ನು ತೊಟ್ಟುಕೊಂಡೇ ಓಡಾಡಿದೆವು.

ಈಗ ಗೋಡೆ ಕೆಲಸದ ಗೌಂಡಿ ಆ ಕಿಟಕಿಯನ್ನು ಚೌಕಟ್ಟಿನ ಸಮೇತ ಕಿತ್ತು ಹಿತ್ತಲ ಕಟ್ಟೆಗೆ ಆನಿಸಿದ್ದ. ಗೋಡೆಯ ತೂತಿನಾಚೆ ಕಂಡದ್ದು ಒಲೆಯಲ್ಲ, ಸಿಮೆಂಟು. ಕಾಕುವಿನ ಮನೆ ಎಂದೋ ಮಾರಾಟವಾಗಿ, ಕೊಂಡವರು ತಮ್ಮದೇ ಹೊಸ ಗೋಡೆ ಎಬ್ಬಿಸಿದ್ದರು. ಅಂಟಿಗೆ ಮೈಲುತುತ್ತು ಬೆರೆಸಿದ್ದರಿಂದಲೋ ಏನೋ, ಕಾಗದವನ್ನು ಹುಳು ಮುಟ್ಟಿರಲಿಲ್ಲ. ಎರಡೂ ಒಲೆಗಳ ಹೊಗೆ ಕುಡಿದು ಅದು ಚಹಾದ ಬಣ್ಣಕ್ಕೆ ತಿರುಗಿತ್ತು. ನಮ್ಮ ಕಡೆ ಮುಖ ಮಾಡಿದ್ದ ಪುಟ ನನಗೆ ಗೊತ್ತಿತ್ತು. ವರ್ಷಕ್ಕೊಮ್ಮೆ ಕ್ಯಾಲೆಂಡರ್ ಬದಲಿಸುವಾಗ ಕಾಣುತ್ತಿದ್ದ ಕೇಶತೈಲದ ಜಾಹೀರಾತು ಅದು. ಕೂದಲು ಬಿಚ್ಚಿಕೊಂಡು ಒಬ್ಬ ಹೆಂಗಸು ನಿಂತಿದ್ದಾಳೆ. ಆ ಕಡೆಯ ಪುಟವನ್ನು ನಾನು ಎಂದೂ ನೋಡಿರಲಿಲ್ಲ. ಅದರ ನೆತ್ತಿಯ ಮೇಲೆ, ಅಡುಗೆಮನೆಯ ತುಂಬ ಕೂಗಿ ಹೇಳುವಷ್ಟು ದಪ್ಪಕ್ಷರದಲ್ಲಿ, ಯುದ್ಧ ಮುಗಿದ ಸುದ್ದಿಯಿತ್ತು.

ಓದುತ್ತ ಓದುತ್ತ ಗೌಂಡಿಯೇ ಕೇಳಿದ, "ಅಕ್ಕಾರ, ಯುದ್ಧ ಮುಗದ ಮ್ಯಾಲೆ ಕಾಗದ ಯಾಕ ಹಚ್ಚಿದ್ರಿ?"

ಪ್ರಿಯ ಓದುಗರೆ, ಆ ಮನುಷ್ಯ ಕೇಳಿದ್ದು ಎಷ್ಟು ಸರಳ ಪ್ರಶ್ನೆ ನೋಡಿ. ಯುದ್ಧ ಮುಗಿದ ಸುದ್ದಿ ಹೊತ್ತ ಪತ್ರಿಕೆಯನ್ನು ಯುದ್ಧ ಮುಗಿಯುವ ಮೊದಲು ಅಂಟಿಸಲು ಸಾಧ್ಯವೇ? ಅಲ್ಲದೆ ಎರಡು ಅಡುಗೆಮನೆಗಳ ನಡುವಿನ ಕಿಟಕಿಗೆ ಬ್ಲ್ಯಾಕ್‌ಔಟ್ ಏತಕ್ಕೆ? ಯಾವ ವಿಮಾನ ಒಲೆಯಿಂದ ಒಲೆಗೆ ಹಾರುತ್ತದೆ? ಐವತ್ತು ವರ್ಷ ಇದು ನನಗೆ ಹೊಳೆಯಲಿಲ್ಲ. ಅಂಟು ಇದ್ದದ್ದು ನಮ್ಮ ಕಡೆ. ಮುಚ್ಚಿದವರು ನಾವು, ಅದೂ ಊರೆಲ್ಲ ಕಾಗದ ಕಿತ್ತು ಬೆಳಕು ಬಿಡುತ್ತಿದ್ದ ದಿನ.

ಆಗ ನನಗೊಂದು ವಾಟಿಯ ನೆನಪು ಬಂತು. ವಾಟಿಯೆಂದರೆ ನಮ್ಮ ಕಡೆ ಸಾರು ಬಡಿಸುವ ಪುಟ್ಟ ಬಟ್ಟಲು. ಯುದ್ಧ ಮುಗಿದ ಸುದ್ದಿ ಬಂದ ದಿನ ಅವ್ವ ಸಜ್ಜಕ ಮಾಡಿದ್ದಳು. ಗೋಧಿಯ ರವೆ, ಬೆಲ್ಲ, ತುಪ್ಪ. ಅದನ್ನು ಕಾಕುವಿಗೆ ಕೊಟ್ಟವಳು ನಾನು. ಬಾಗಿಲಲ್ಲಿ ಹೋಗಿ ಕೊಟ್ಟೆನೆಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಆದರೆ ಬಾಗಿಲಿನಿಂದ ಹೋಗಿದ್ದರೆ ತಟ್ಟೆಯ ತುಂಬ ಒಯ್ಯುತ್ತಿದ್ದೆ. ಅದು ವಾಟಿಯಲ್ಲಿತ್ತು, ಏಕೆಂದರೆ ಆ ಸರಳುಗಳ ನಡುವೆ ತೂರುತ್ತಿದ್ದದ್ದು ವಾಟಿಯೊಂದೇ. ಕಿಟಕಿ ಅಂದು ತೆರೆದೇ ಇತ್ತು. ಮನೆಯ ಕಥೆಗೆ ಹೊಂದಲೆಂದು ನನ್ನ ನೆನಪು ಸದ್ದಿಲ್ಲದೆ ಕಿಟಕಿಯಿಂದ ಬಾಗಿಲಿಗೆ ಜರುಗಿ ಕುಳಿತಿತ್ತು. ನೆನಪು ಬಹಳ ವಿಧೇಯ ಕೂಸು, ಮನೆಯ ಹಿರಿಯರು ಹೇಳಿದ ಕಡೆ ಕುಳಿತುಕೊಳ್ಳುತ್ತದೆ.

ಆ ಬೆಳಗು ಈಗ ಇದ್ದಂತೆಯೇ ಕಾಣುತ್ತದೆ. ಅಪ್ಪ ಲೋಂಡಾದಲ್ಲಿ ರೈಲ್ವೆ ಪಾರ್ಸಲ್ ಗುಮಾಸ್ತರು, ಓಣಿಯಲ್ಲಿ ಇಂಗ್ಲಿಷ್ ಬಲ್ಲವರು ಅವರೊಬ್ಬರೇ. ಬೆಳಗಾವಿಯ ಕಡೆಯಿಂದ ಬಂದ ಗಾಡಿಯಲ್ಲಿ ಪತ್ರಿಕೆ ಬಂದಿತ್ತು, ಸುದ್ದಿ ಓದಿ ಓಣಿಯೆಲ್ಲ ಹಿಗ್ಗಿತ್ತು. ಮಗ ಬರುವವರೆಗೆ ದಿನಕ್ಕೆ ಒಂದೇ ಹೊತ್ತು, ಅದೂ ಉಪ್ಪಿಲ್ಲದ ಊಟವೆಂದು ಹರಕೆ ಹೊತ್ತಿದ್ದ ಕಾಕು ಕಿಟಕಿಗೆ ಬಂದಳು. ಕೈಯಲ್ಲಿ ಒಂದು ತಂತಿ, ಟೆಲಿಗ್ರಾಮು; ನಮ್ಮ ಓಣಿಯಲ್ಲಿ ಅದಕ್ಕೆ 'ತಾರ್' ಎನ್ನುತ್ತಿದ್ದರು. "ಅಣ್ಣಾ, ಇದೇನ ಬಂದೈತಿ ನೋಡ್ರಿ" ಎಂದು ಸರಳುಗಳ ನಡುವೆ ಚಾಚಿದಳು.

ಅಪ್ಪ ಓದಿದರು. ನಾನು ಅವರ ಮೊಣಕೈಯ ಹತ್ತಿರವೇ ನಿಂತಿದ್ದೆ. ನಮ್ಮಲ್ಲಿ ಒಂದು ಪದ್ಧತಿಯಿದೆ, ನಿಮ್ಮಲ್ಲೂ ಇರಬಹುದು. ಹಸಿದ ಹೊಟ್ಟೆಗೆ ಸಾವಿನ ಸುದ್ದಿ ಹೇಳಬಾರದು. ಹೇಳಿದ ಮೇಲೆ ಒಲೆ ಹೊತ್ತುವುದಿಲ್ಲ, ತುತ್ತು ಇಳಿಯುವುದಿಲ್ಲ. ಆದ್ದರಿಂದ ಹೇಗಾದರೂ ಮಾಡಿ ಮೊದಲು ಉಣ್ಣಿಸಿ, ಆಮೇಲೆ ಹೇಳುತ್ತಾರೆ. ಅಪ್ಪ ತಂತಿಯನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಪತ್ರಿಕೆಯನ್ನು ಎತ್ತಿ ತೋರಿಸಿದರು. "ಯುದ್ಧ ಮುಗದೈತಿ ವೈನಿ. ಮೊದಲ ಉಣ್ರಿ. ಉಂಡ ಮ್ಯಾಲೆ ಓದಿ ಹೇಳ್ತೇನಿ." ನನ್ನ ಕಡೆ ತಿರುಗಿ, ಸಜ್ಜಕ ಕೊಡು ಎಂಬಂತೆ ಕಣ್ಸನ್ನೆ ಮಾಡಿದರು. ನಾನು ವಾಟಿ ದಾಟಿಸಿದೆ.

ಕಾಕು ಅಲ್ಲೇ ನಿಂತು ಉಂಡಳು. ಎರಡು ವಾರದ ಮೇಲೆ ಬಾಯಿಗೆ ಸಿಹಿ ಬಿದ್ದಿತ್ತು. ಉಂಡು, ಬಾಯಿ ಒರೆಸಿಕೊಂಡು, ಡಬ್ಬಿಯಲ್ಲಿದ್ದ ಸಕ್ಕರೆ ತೆಗೆದುಕೊಂಡು ಓಣಿಗೆ ಹಂಚಲು ಹೊರಟಳು. ಅಪ್ಪ ಬಾಗಿಲ ತನಕ ಹೋದರು, ಒಳಗೆ ಬಂದರು, ಮತ್ತೆ ಹೋದರು. ಅಷ್ಟರಲ್ಲಿ ಲೋಂಡಾದ ಗಾಡಿಯ ಹೊತ್ತಾಯಿತು. ಅವರು ತಂತಿಯನ್ನು ಜೇಬಿನಲ್ಲಿಟ್ಟುಕೊಂಡೇ ಕೆಲಸಕ್ಕೆ ಹೊರಟುಹೋದರು. ಸಂಜೆ ಮರಳಿದ ಮೇಲೆ ಹೇಳಿದರು. ಅಂದರೆ ಒಂದು ಇಡೀ ಹಗಲು ಆ ತಾಯಿ ತನ್ನ ಸತ್ತ ಮಗನ ಹೆಸರಿನಲ್ಲಿ ಸಕ್ಕರೆ ಹಂಚಿದಳು, ಮತ್ತು ಅದನ್ನು ನಮ್ಮಪ್ಪ ಬಲ್ಲವರಾಗಿದ್ದರು. ಪದ್ಧತಿ ಒಂದು ಊಟದ ಹೊತ್ತಿನ ಸುಳ್ಳಿಗೆ ಮಾತ್ರ ಅನುಮತಿ ಕೊಡುತ್ತದೆ. ಉಳಿದದ್ದು ಅಪ್ಪನ ಅಳುಕು. ಇದನ್ನು ಬರೆಯಲು ನನಗೆ ಕಷ್ಟವಾಗುತ್ತಿದೆ, ಅವರು ಬಹಳ ಒಳ್ಳೆಯ ಮನುಷ್ಯರಾಗಿದ್ದರು.

ಮರುದಿನ ನಾನು ಏಳುವಷ್ಟರಲ್ಲಿ ಕಿಟಕಿ ಮುಚ್ಚಿತ್ತು. ಆ ಮುಖ ನೋಡಲಾರದೆ ಅಪ್ಪ ಕೈಗೆ ಸಿಕ್ಕ ಕಾಗದ ಅಂಟಿಸಿದ್ದರು. ಕೈಗೆ ಸಿಕ್ಕದ್ದು ಹಿಂದಿನ ದಿನದ ಪತ್ರಿಕೆ. ಯಾವ ಪುಟ ಯಾವ ಕಡೆ ಬಿತ್ತೆಂದು ಅವರು ಗಮನಿಸಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ. ಗಮನಿಸಿರಲಿಕ್ಕಿಲ್ಲ ಎಂದು ನಂಬಿಕೊಂಡಿದ್ದೇನೆ.

ಪತ್ರಿಕೆಗೆ ಯುದ್ಧದ ಅಂತ್ಯವೆಂದರೆ ಒಂದು ದಿನಾಂಕ, ಒಂದು ಗಂಟೆ, ಒಂದು ಸಹಿ. ಮರುದಿನದ ಪುಟದಲ್ಲಿ ಬೇರೆ ಸುದ್ದಿ. ಆದರೆ ಮನೆಗಳಲ್ಲಿ ಯುದ್ಧ ಅಷ್ಟು ಶಿಸ್ತಿನಿಂದ ಮುಗಿಯುವುದಿಲ್ಲ. ಕೆಲವು ಮನೆಗಳಲ್ಲಿ ಅದು ಮುಗಿದ ದಿನವೇ ಹೊಸ್ತಿಲು ತುಳಿಯುತ್ತದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಡದೆ ಜೇಬಿನಲ್ಲಿ ಉಳಿದ ಮಾತು ಏನಾಗುತ್ತದೆಂದು ಯಾವ ಗಾದೆಯೂ ಹೇಳುವುದಿಲ್ಲ. ನಮ್ಮ ಮನೆಯಲ್ಲಿ ಅದು ಕಾಗದವಾಯಿತು, ಕಾಗದದ ಮೇಲೆ ಕ್ಯಾಲೆಂಡರಾಯಿತು.

ಅಪ್ಪ ಕೊನೆಯ ಸಲ ಮಲಗಿದಾಗ ನಾನು ಹತ್ತಿರವಿದ್ದೆ. ಎರಡು ಮೂರು ಸಲ "ಕಿಡಕಿ ತಗೀರಿ, ಕಿಡಕಿ ತಗೀರಿ" ಎಂದರು. ಗಾಳಿ ಬೇಕಾಗಿದೆಯೆಂದು ನಾನು ಬೀದಿಯ ಕಡೆಯ ಕಿಟಕಿ ತೆರೆದೆ. ಅವರು ತಲೆಯಾಡಿಸಿದರು. ಬಿಸಿಲು ಕಣ್ಣಿಗೆ ಚುಚ್ಚುತ್ತಿರಬೇಕೆಂದು ಮುಚ್ಚಿದೆ. ಮತ್ತೆ ತಲೆಯಾಡಿಸಿದರು. ಆಗ ಗೋಡೆಯಾಚೆ ಪಾರ್ವತಿಕಾಕು ಇನ್ನೂ ಇದ್ದಳು, ಅವಳು ಕೆಮ್ಮುವುದು ನಮಗೆ ಕೇಳಿಸುತ್ತಿತ್ತು. ನನ್ನ ಬದುಕಿನಲ್ಲಿ ಹಲವು ದಡ್ಡತನಗಳಿವೆ. ಆದರೆ ಆ ಎರಡು ನಿಮಿಷದ ದಡ್ಡತನವನ್ನು ಮಾತ್ರ ನಾನು ಕ್ಷಮಿಸಿಕೊಳ್ಳಲಾರೆ.

ಹಾಳೆಯನ್ನು ಚೌಕಟ್ಟಿನಿಂದ ಮೆಲ್ಲಗೆ ಬಿಡಿಸಿಕೊಂಡು ಮನೆಗೆ ತಂದೆ. ಒಂದು ವಾರ ಅದು ಮೇಜಿನ ಮೇಲೆ ಮಲಗಿತ್ತು ಎಂದೆನಲ್ಲ, ಆ ವಾರವೆಲ್ಲ ನಾನು ಧೈರ್ಯ ಕೂಡಿಸುತ್ತಿದ್ದೆ. ಕಾಕು ತೀರಿಹೋಗಿ ವರ್ಷಗಳಾದವು, ಆದರೆ ಶಾಂತಾ ಇದ್ದಳು. ಅವಳನ್ನು ಹುಡುಕಬೇಕಾಗಿಯೂ ಇರಲಿಲ್ಲ, ಅದೇ ನಾಚಿಕೆಯ ಮಾತು. ಮೂವತ್ತು ವರ್ಷಗಳಿಂದ ಅವಳು ಇದೇ ಬೆಳಗಾವಿಯ ಖಾಸಬಾಗದಲ್ಲಿದ್ದಾಳೆ. ಒಮ್ಮೆ ಅಲ್ಲಿಯ ಸಂತೆಯಲ್ಲಿ ಒಂದೇ ಬುಟ್ಟಿಯ ಮುಂದೆ ಇಬ್ಬರೂ ಮೆಂತ್ಯಸೊಪ್ಪಿಗೆ ಬಾಗಿದ್ದೆವು. ಅವಳು ನನ್ನನ್ನು ನೋಡಿದಳು, ನಾನು ಸೊಪ್ಪನ್ನು ನೋಡಿದೆ.

ವಾರ ಕಳೆದು ಖಾಸಬಾಗಕ್ಕೆ ಹೋದೆ. ಬಾಗಿಲು ತೆರೆದ ಶಾಂತಾ ನನ್ನ ಮುಖವನ್ನೂ, ಕೈಯಲ್ಲಿದ್ದ ಸುರುಳಿಯನ್ನೂ ನೋಡಿದಳು. ನಾನು ವಾರವಿಡೀ ಕಟ್ಟಿಟ್ಟಿದ್ದ ಮಾತು ಶುರುಮಾಡಿದೆ. "ಶಾಂತಾ, ನಮ್ಮಪ್ಪ ಅವತ್ತ..."

"ಒಳಗ ಬಾ ಗಿರಿಜಾ. ಮೊದಲ ಉಣ್ಣು. ಆಮ್ಯಾಲೆ ಮಾತಾಡೂಣು" ಎಂದಳು.

ಅದು ಅಪ್ಪ ಅಂದು ಆಡಿದ್ದ ಮಾತು. ಅವಳಿಗೆ ಅದು ತಿಳಿದೇ ಬಂದ ಮಾತೋ, ನಾಲಗೆಯ ರೂಢಿಯೋ, ಕೇಳಲಿಲ್ಲ. ಜೋಳದ ರೊಟ್ಟಿ, ಝುಣಕ, ಮೊಸರು. ಮೊಸರು ಹಾಕಿದ ಹಿತ್ತಾಳೆಯ ವಾಟಿಯನ್ನು ಎತ್ತಿದಾಗ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು ಬೆರಳಿಗೆ ತಾಗಿತು. ಅಪ್ಪನ ಹೆಸರು. ಕಲಾಯಿ ಎಷ್ಟು ಸಲ ಹಾಕಿಸಿದ್ದಳೋ, ಒಳಗೆ ಬೆಳ್ಳಗೆ ಹೊಳೆಯುತ್ತಿತ್ತು. ಸಜ್ಜಕ ಹಾಕಿ ಅದನ್ನು ಕೊಟ್ಟ ಮರುದಿನವೇ ಕಿಟಕಿ ಮುಚ್ಚಿದ್ದರಿಂದ ಮರಳಿ ಕೊಡಲು ದಾರಿ ಇರಲಿಲ್ಲವಷ್ಟೆ.

ಉಂಡ ಮೇಲೆ ನಾನು ಹಾಳೆ ಬಿಡಿಸಿದೆ. ಶಾಂತಾ ಕನ್ನಡಕ ಹಾಕಿಕೊಳ್ಳಲಿಲ್ಲ, ಅವಳಿಗೆ ಅದು ಬಾಯಿಪಾಠವಾಗಿತ್ತು. "ನೀ ಕಲಿಸಿದ ಅಕ್ಷರದಾಗ ನಾ ಪೂರಾ ಓದಿದ್ದ ಮೊದಲನೇ ಸಾಲು ಇದು" ಎಂದಳು. "ಅವ್ವ ಕೇಳಿದ್ಲು, ಏನ ಬರದೈತಿ ಅಂತ. ಏನ ಹೇಳ್ಲಿ? ನಿಮ್ಮ ಮನ್ಯಾಗ ದೀಪ ಹಚ್ಚಿದ್ರ ಆ ಕಡೀ ಚಿತ್ರ ಕಾಣಸ್ತಿತ್ತು, ಕೂದಲ ಬಿಟ್ಟ ಹೆಂಗಸು. ಎಣ್ಣೀ ಜಾಹೀರಾತು ಅಂತ ಹೇಳಿದ್ನಿ. ಸಾಯೂತನಕಾ ಆಕಿ ಅದನ್ನ ಎಣ್ಣೀ ಕಾಗದ ಅಂತಿದ್ಲು."

ಹಾಗಾದರೆ ಆ ಹಾಳೆಯ ಎರಡೂ ಕಡೆ ಒಂದೊಂದು ಸುಳ್ಳು ಅಂಟಿಕೊಂಡಿತ್ತು. ಈಚೆ ನಮ್ಮ ಬ್ಲ್ಯಾಕ್‌ಔಟಿನ ಸುಳ್ಳು, ಆಚೆ ತಾಯಿಯ ಸಲುವಾಗಿ ಶಾಂತಾ ಹೇಳಿದ ಎಣ್ಣೆಯ ಸುಳ್ಳು. ನಾನು ಅಪ್ಪನ ಪರವಾಗಿ ಕ್ಷಮೆ ಕೇಳಿದೆ. ಹಸಿದವಳಿಗೆ ಸಿಹಿ ತಿನ್ನಿಸಿ, ಹಗಲೆಲ್ಲ ಸುದ್ದಿ ಮುಚ್ಚಿಟ್ಟದ್ದಕ್ಕೆ. ವಾಟಿ ದಾಟಿಸಿದ ನನ್ನ ಕೈಯ ಪರವಾಗಿಯೂ ಕೇಳಿದೆ.

"ಅವ್ವಗ ಗೊತ್ತಿತ್ತು" ಎಂದಳು ಶಾಂತಾ. "ತಾರ್ ಕೈಯಾಗ ಬಿದ್ದಾಗನ ಗೊತ್ತಾತಂತ. ಬಡವರ ಮನೀಗೆ ಚೊಲೋ ಸುದ್ದಿ ಹೇಳಾಕ ಯಾರ ತಾರ್ ಕಳಸ್ತಾರ? ನಿಮ್ಮಪ್ಪನ ಮಾರೀ ನೋಡಿ ಖಾತ್ರಿ ಆತಂತ. ಆದ್ರ ಉಣ್ರಿ ಅಂದ್ರಲ್ಲ, ಉಂಡ್ಲು. ಸಕ್ಕರೀನೂ ಹಂಚಿದ್ಲು. ಅವತ್ತ ಒಂದ ಹಗಲು ನನ್ನ ಮಗಾ ಬರಾಂವಿದ್ದ, ಆ ಅಣ್ಣಾ ಅಷ್ಟ ಕೊಟ್ಟ ಅಂತಿದ್ಲು."

ನಾನು ಹಾಳೆ ಮಡಚಲು ಹೋದೆ, ಅವಳು ಅದರ ಮೇಲೆ ಕೈಯಿಟ್ಟಳು.

"ಆಕಿಗೆ ಸಿಟ್ಟು ಇದ್ದದ್ದು ಅದಕ್ಕಲ್ಲ, ಗಿರಿಜಾ. ಕಾಗದಕ್ಕ. ನಾಳಿ ಅತ್ತು ಹೇಳ್ಕೊಳ್ಳಾಕ ಒಂದ ಕಿಡಕಿ ಐತಿ ಅಂತ ತಿಳದಿದ್ಲು. ಬೆಳಗಾ ಎದ್ದು ನೋಡಿದ್ರ ಎಣ್ಣೀ ಕಾಗದ. ಹಚ್ಚಿದವರ ತಗೀಲಿ ಅಂತ ಹಾದೀ ನೋಡಿದ್ಲು. ಸಂಕ್ರಾಂತಿಗೆ ಆ ಕಟ್ಟೀ ಮ್ಯಾಲೆ ಎಳ್ಳುಬೆಲ್ಲ ಇಡತಿದ್ಲು, ಇರುವಿ ತಿಂತಿದ್ದೂ."

ಎಷ್ಟು ಸಂಕ್ರಾಂತಿ ಎಂದು ನಾನು ಕೇಳಲಿಲ್ಲ. ಆ ಹಬ್ಬಕ್ಕೆ ಎರಡು ವಾರ ಮೊದಲಷ್ಟೇ ನಾವು ಈ ಕಡೆ ಹೊಸ ಕ್ಯಾಲೆಂಡರ್ ತೂಗುಹಾಕುತ್ತಿದ್ದೆವು. ಒಂದು ಹಾಳೆ ದಪ್ಪದ ಅಂತರದಲ್ಲಿ, ಈಚೆ ಒಬ್ಬರು ಕ್ಷಮೆ ಸಿಗಲಾರದೆಂದು ನವೆದರು, ಆಚೆ ಒಬ್ಬಳು ಕ್ಷಮಿಸಲು ಏನೂ ಇಲ್ಲದೆ ಕಾದಳು. ಬೆರಳಿನಿಂದ ಚುಚ್ಚಿದರೆ ಹರಿಯುವ ಕಾಗದವದು. ಎರಡು ಮನೆಯಲ್ಲಿ ಒಬ್ಬರಾದರೂ ಚುಚ್ಚಲಿಲ್ಲ, ಅಕ್ಷರ ಕಲಿಸಿದ ನಾನೂ ಚುಚ್ಚಲಿಲ್ಲ.

ಹೊರಡುವಾಗ ಶಾಂತಾ ಹಾಳೆಯನ್ನು ತನ್ನ ಬಳಿಯೇ ಇಟ್ಟುಕೊಂಡಳು. ವಾಟಿಯನ್ನು ತೊಳೆದು ಒರೆಸಿ ನನಗೆ ಕೊಟ್ಟಳು. ಖಾಲಿ ವಾಟಿ ಮರಳಿಸಬಾರದಲ್ಲ, ಅಂಚಿನವರೆಗೆ ಸಕ್ಕರೆ ತುಂಬಿದಳು, ಆಟೋದಲ್ಲಿ ಚೆಲ್ಲದಿರಲೆಂದು ಅಂದಿನ ಪತ್ರಿಕೆ ಹರಿದು ಬಾಯಿಗೆ ಮುಚ್ಚಿ ದಾರ ಸುತ್ತಿದಳು.

ಮನೆಗೆ ಬಂದು ದಾರ ಬಿಚ್ಚಿದೆ. ಪತ್ರಿಕೆಯ ತುಂಡನ್ನು ಎಂದಿನಂತೆ ಮುದ್ದೆ ಮಾಡಲು ಹೋದವಳು ಅದರ ಮೇಲಿನ ನಾಲ್ಕು ಸಾಲು ಓದಿದೆ. ಎಲ್ಲೋ ದೂರದ ದೇಶದಲ್ಲಿ ಯುದ್ಧ ನಿಲ್ಲುವ ಸೂಚನೆ ಇದೆಯಂತೆ. ಅಲ್ಲಿ ಯಾವ ಅಡುಗೆಮನೆಯಲ್ಲಿ ಯಾರು ಯಾರಿಗೆ, ಮೊದಲು ಉಣ್ಣಿ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದಾರೋ ಎಂದುಕೊಂಡೆ. ಆ ತುಂಡನ್ನು ರದ್ದಿಗೆ ಹಾಕಲು ಕೈ ಬರಲಿಲ್ಲ. ಸುಕ್ಕು ತೀಡಿ, ಮಡಚಿ, ಸಕ್ಕರೆ ತುಂಬಿದ ವಾಟಿಯ ಕೆಳಗೆ ಇಟ್ಟೆ. ವಾಟಿಯನ್ನು ಬರುವ ವಾರ ಏನಾದರೂ ತುಂಬಿ ಖಾಸಬಾಗಕ್ಕೆ ಮರಳಿಸಬೇಕು.